ನಮ್ಮ ಓಣಿಗೆ ಮರ ಬರುತ್ತದೆಂದು ಸಾರಿದ್ದು

ಮದುವೆಯಾಗಿ ಸಿರುಗುಪ್ಪದಿಂದ ಬಳ್ಳಾರಿಗೆ ಬಂದ ಮೇಲೆ ನಾನು ಮೊಟ್ಟಮೊದಲು ಕಲಿಯಬೇಕಾಗಿ ಬಂದದ್ದು ಒಗ್ಗರಣೆ ಹಾಕುವ ಶಿಸ್ತನ್ನು. ನಮ್ಮ ಅತ್ತೆಗೆ ದಮ್ಮು. ಕಾದ ಎಣ್ಣೆಗೆ ಒಂದು ಒಣಮೆಣಸಿನಕಾಯಿ ಬಿದ್ದರೂ ಅವರ ಎದೆ ಕಟ್ಟಿಕೊಂಡು, ಉಸಿರಿನೊಳಗೆ ಸೀಟಿ ಊದಿದ ಹಾಗೆ ಸದ್ದಾಗುತ್ತಿತ್ತು. ಆಮೇಲೆ ಅರ್ಧ ದಿನ ಗೋಡೆಗೆ ದಿಂಬು ಆನಿಸಿಕೊಂಡು ಕೂತೇ ಇರಬೇಕು, ಮಲಗುವಂತಿಲ್ಲ. ಹಾಗಾಗಿ ಒಗ್ಗರಣೆ ಸೌಟು ಒಲೆಗೆ ಇಡುವ ಮೊದಲು ನಾನು ರೈಲು ಹೊರಡಿಸುವ ಗಾರ್ಡಿನಂತೆ ಕೂಗಬೇಕಿತ್ತು: “ಅತ್ತಿ, ಒಗ್ಗರಣಿ ಹಾಕ್ತೀನ್ರೀ!” ಅವರು ಸೆರಗನ್ನು ಮೂಗಿಗೆ ಹಿಡಿದು ಎದ್ದು, ಎದುರು ಮನೆಯ ದರ್ಜಿ ಚಾಚಾನ ಕಟ್ಟೆಗೆ ಹೋಗಿ ಕೂರುತ್ತಿದ್ದರು. ಘಾಟು ಇಳಿದ ಮೇಲೆ “ಬರ್ರಿ” ಎಂದು ಕರೆದರೆ ವಾಪಸು ಬರುವುದು. ಕೆಲವು ದಿನ ಚಾಚಾನ ಜೊತೆ ಹರಟೆ ರಂಗೇರಿ, ಸಾರು ತಣ್ಣಗಾದರೂ ಬರುತ್ತಿರಲಿಲ್ಲ. ದಮ್ಮು ಅವರ ಎದೆಗಿತ್ತೇ ಹೊರತು ನಾಲಿಗೆಗೆ ಇರಲಿಲ್ಲ.

ಓಣಿಗೆಲ್ಲ ಇದು ಗೊತ್ತಿತ್ತು. ಬೇಸಿಗೆಯಲ್ಲಿ ವರ್ಷದ ಖಾರ ಕುಟ್ಟಿಸುವ ಕಾಲ ಬಂದರೆ, ಕುಟ್ಟಿಸುವ ಮನೆಯ ಹೆಂಗಸು ಹಿಂದಿನ ದಿನವೇ ನಮ್ಮ ಹೊಸ್ತಿಲ ಮುಂದೆ ಬಂದು ನಿಂತು, “ನಾಳಿ ಖಾರ ಕುಟ್ಟಸ್ತೀವ್ರಿ ಅವ್ವಾರ” ಎಂದು ಹೇಳಿಯೇ ಹೋಗುತ್ತಿದ್ದಳು. ಅತ್ತೆ ಎರಡು ಸೀರೆಗಳನ್ನು ಚೀಲಕ್ಕೆ ತುರುಕಿ, ಕುರುಗೋಡಿನ ತಮ್ಮನ ಮನೆಗೆ ಬಸ್ಸು ಹತ್ತುತ್ತಿದ್ದರು. ಇಂಥ ಏರ್ಪಾಟನ್ನು ಯಾರೂ ಕಾಯಿದೆ ಬರೆದು ಮಾಡಿರಲಿಲ್ಲ. ಪಕ್ಕದ ಮನೆಯವರ ಉಸಿರಿಗೆ ಸಂಬಂಧಪಟ್ಟದ್ದನ್ನು ಅವರಿಗೆ ಮೊದಲು ಹೇಳಬೇಕು ಎಂಬಷ್ಟು ಬುದ್ಧಿ ನಮ್ಮ ಓಣಿಯಲ್ಲಿ ಎಲ್ಲರಿಗೂ ಇತ್ತು.

ಬ್ರೂಸ್‌ಪೇಟೆಯ ಅಂಗಡಿಗಳ ಬೆನ್ನಿಗೆ ಇರುವ ಇಕ್ಕಟ್ಟಾದ ಓಣಿ ಅದು. ನಮ್ಮ ಮನೆಗೆ ಅಂಟಿಕೊಂಡೇ ಒಂದು ಖಾಲಿ ಜಾಗ. ಪೇಟೆಗೆ ಬಂದ ಬಂಡಿಗಳನ್ನು ಅಲ್ಲಿ ಬಿಡುತ್ತಿದ್ದರು, ಎತ್ತುಗಳು ಬಿಸಿಲಲ್ಲೇ ಮೆಲುಕು ಹಾಕುತ್ತ ನಿಲ್ಲುತ್ತಿದ್ದವು. ಇಡೀ ಓಣಿಯಲ್ಲಿ ಒಂದು ಹಿಡಿ ಹಸಿರಿರಲಿಲ್ಲ. ಬೇಸಿಗೆಯ ಸಂಜೆ ಗುಡ್ಡದ ಬಂಡೆ ಕಾದ ಬಿಸಿಯನ್ನೆಲ್ಲ ನಮ್ಮ ಮೇಲೆ ಉಗುಳುತ್ತಿದ್ದಾಗ ಅತ್ತೆ ಕಟ್ಟೆಯ ಮೇಲೆ ಕೂತು ಬೀಸಣಿಗೆ ಬೀಸಿಕೊಳ್ಳುತ್ತ, “ಇಲ್ಲೊಂದು ಬೇವಿನ ಗಿಡ ಇದ್ದಿದ್ರ ಇನ್ನೊಂದ್ ಹತ್ತು ವರ್ಷ ಬದುಕ್ತಿದ್ದೆ” ಎನ್ನುತ್ತಿದ್ದರು. ಇದನ್ನು ಅವರು ಚೆನ್ನಾಗಿ ಉಸಿರಾಡುತ್ತಿದ್ದ ದಿನಗಳಲ್ಲೂ ಹೇಳುತ್ತಿದ್ದುದರಿಂದ ನಾನು ಹೆಚ್ಚು ಗಮನ ಕೊಡುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಾವಿನ್ನೂ ಮದ್ರಾಸಿಗೆ ಸೇರಿದವರು. ಕಚೇರಿಯ ಕಾಗದಗಳು ಇಂಗ್ಲಿಷಿನಲ್ಲಿ, ಕಚೇರಿಯವರ ಮಾತು ತೆಲುಗಿನಲ್ಲಿ, ಅವರನ್ನು ನಾವು ಬಯ್ಯುವುದು ಕನ್ನಡದಲ್ಲಿ. ಊರಲ್ಲಿ ಯಾರಾದರೂ ಹೊಸದಾಗಿ ಕಾರ್ಖಾನೆಯೋ ಗಿರಣಿಯೋ ಹಾಕಬೇಕೆಂದರೆ ಮುನಿಸಿಪಾಲಿಟಿಗೆ ಅರ್ಜಿ ಕೊಡಬೇಕು. ಮುನಿಸಿಪಾಲಿಟಿಯವರು ಆ ಬೀದಿಯಲ್ಲಿ ಡಂಗುರ ಹೊಡೆಸಬೇಕು. ಯಾರಿಗಾದರೂ ತಕರಾರಿದ್ದರೆ ಅವರು ಗಡುವಿನೊಳಗೆ ಕಚೇರಿಗೆ ಹೋಗಿ ಹೇಳಬೇಕು. ನಿಯಮ ಹೀಗಿತ್ತೆಂದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ಒಂದು ಮಧ್ಯಾಹ್ನ ಓಣಿಯ ಕೊನೆಯಲ್ಲಿ ಹಲಗೆ ಬಡಿದ ಸದ್ದಾಯಿತು. ಗಂಡಸರೆಲ್ಲ ಅಂಗಡಿಗಳಲ್ಲಿದ್ದ ಹೊತ್ತು. ನಾವು ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುವಷ್ಟರಲ್ಲಿ ಡಂಗುರದವನು ಅರ್ಧ ಕೂಗಿ ಮುಗಿಸಿದ್ದ. ಆದವಾನಿ ಕಡೆಯ ಮನುಷ್ಯ, ಮನೆಮಾತು ತೆಲುಗು.

“ಈ ಓಣ್ಯಾಗ ಖಾಲಿ ಜಾಗದಾಗ ಮರ ಹಾಕ್ತಾರಂಟ! ಅಭ್ಯಂತರ ಇದ್ದೋರು ಕಚೇರಿಗೆ ಬಂದು ಹೇಳ್ಕೊಳ್ರಪ್ಪೋ!”

ಹಲಗೆಗೆ ಎರಡೇಟು ಹಾಕಿ ಅವನು ಮುಂದಿನ ಓಣಿಗೆ ಹೋಗಿಬಿಟ್ಟ.

ತೆಲುಗಿನಲ್ಲಿ ‘ಮರ’ ಎಂದರೆ ಗಿರಣಿ. ಇದು ನಮ್ಮ ಓಣಿಯಲ್ಲಿ ಯಾರಿಗೂ ತಿಳಿಯದ ಸಂಗತಿಯಲ್ಲ. ಅಲ್ಲಿ ಎಲ್ಲರಿಗೂ ತೆಲುಗು ಬರುತ್ತಿತ್ತು. ಅವನು ಪೂರ್ತಿ ತೆಲುಗಿನಲ್ಲೇ ಕೂಗಿದ್ದರೆ ನಾವು ತೆಲುಗಿನ ಕಿವಿಯಿಂದ ಕೇಳಿ ಸರಿಯಾಗಿ ತಿಳಿದುಕೊಳ್ಳುತ್ತಿದ್ದೆವು. ಆದರೆ ಆತ ಸಜ್ಜನ. ಕನ್ನಡದವರ ಓಣಿ, ಅನುಕೂಲವಾಗಲಿ ಎಂದು ಕಷ್ಟಪಟ್ಟು ಕನ್ನಡದಲ್ಲಿ ಕೂಗಿದ. ಆ ಒಂದು ಶಬ್ದ ಮಾತ್ರ ಅವನಿಗೆ ಗೊತ್ತಿಲ್ಲದ ಹಾಗೆ ತೆಲುಗಿನಲ್ಲೇ ಉಳಿಯಿತು.

ಎದುರು ಮನೆಯ ಚಾಚಾ ಹೊಲಿಯುತ್ತಿದ್ದ ಅಂಗಿಯನ್ನು ಹೆಗಲ ಮೇಲೆ ಹಾಕಿಕೊಂಡು, ಟೋಪಿ ಸರಿಮಾಡಿಕೊಳ್ಳುತ್ತ ಓಡಿ ಬಂದರು. ಅವರದು ಉರ್ದು ಮನೆ. ಉರ್ದುವಿನಲ್ಲಿ ‘ಮರಾ’ ಎಂದರೆ ಸತ್ತ ಎಂದರ್ಥ. “ಕೌನ್ ಮರಾ? ಯಾರು ಹೋದ್ರು ಬೇಟಿ?” ಎಂದು ಗಾಬರಿಯಿಂದ ಕೇಳಿದರು. ಕೊನೆಯ ಮನೆಯ ಮುದುಕಿಗೆ ಕಿವಿ ಸ್ವಲ್ಪ ಮಂದ. ಆಕೆಯ ಮಾತಿನಲ್ಲಿ ಜೋಳ ಕೇರುವ ಮೊರವೇ ಮರ. “ಮುನಿಸಿಪಾಲ್ಟಿಯವ್ರು ಮರ ಕೊಡ್ತಾರಂತಲ್ಲವಾ, ಮನಿಗೆ ಎಷ್ಟಂತ?” ಎಂದು ಆಕೆ ಮನೆ ಮನೆಗೂ ವಿಚಾರಿಸಿಕೊಂಡು ಬಂದಳು. ಆಗಿನ ನಗು ಈಗ ನೆನೆದರೂ ಪಕ್ಕೆ ಹಿಡಿಯುತ್ತದೆ.

ಸಂಜೆ ನಮ್ಮವರು ಬಂದ ಮೇಲೆ ವಿಚಾರ ಅವರ ಮುಂದೆ ಹೋಯಿತು. ನಮ್ಮವರು ಅರಳೆ ಅಂಗಡಿಯಲ್ಲಿ ಗುಮಾಸ್ತರು. ಪತ್ರಿಕೆ ಓದುವವರು. “ನಾವು ಗಿಡ ಅಂತೀವಿ. ಕಚೇರಿಯವ್ರು ಪುಸ್ತಕದ ಮಾತು ಆಡ್ತಾರ, ಅದಕ್ಕ ಮರ ಅಂದಾನ. ನಮ್ಮ ಓಣ್ಯಾಗ ಗಿಡ ಹಚ್ಚತಾರ. ಸ್ವರಾಜ್ಯ ಬಂದೈತಲ್ಲ” ಎಂದು ತೀರ್ಪು ಕೊಟ್ಟರು. ಯಾರಿಗೂ ಅನುಮಾನ ಉಳಿಯಲಿಲ್ಲ. ಅತ್ತೆಯಂತೂ ಅಂದು ರಾತ್ರಿ ಎರಡು ರೊಟ್ಟಿ ಹೆಚ್ಚು ತಿಂದರು.

ಸ್ವಲ್ಪ ದಿನಕ್ಕೆ ಜಾಗ ನೋಡಲು ಮುನಿಸಿಪಾಲಿಟಿಯ ಓವರ್‌ಸಿಯರ್ ಬಂದರು. ಬಿಸಿಲಲ್ಲಿ ಬಂದ ಮನುಷ್ಯ ಎಂದು ಹೆಂಗಸರೆಲ್ಲ ಸೇರಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ, ಮಜ್ಜಿಗೆ ಕೊಟ್ಟೆವು. ಅವರಿಗೆ ಇಂಥ ಸ್ವಾಗತ ಬೇರೆಲ್ಲೂ ಸಿಕ್ಕಿರಲಿಕ್ಕಿಲ್ಲ. ಮಿರ್ಚಿ ಕಡಿಯುತ್ತ ಅತ್ತೆಯನ್ನು ಕೇಳಿದರು.

“ಇದನ್ನ ಇಲ್ಲಿ ಹಾಕೋದಕ್ಕ ನಿಮ್ದೇನೂ ತಕರಾರು ಇಲ್ಲಲ್ಲಮ್ಮಾ?”

“ತಕರಾರು ಯಾಕ್ರೀ? ಪುಣ್ಯದ ಕೆಲಸ. ನಮ್ಮ ಗ್ವಾಡಿಗೆ ಹತ್ತಿರನ ಇರ್ಲಿ.”

“ಸ್ವಲ್ಪ ಸದ್ದು ಬರತೈತಿ ಮತ್ತ.”

“ಗಾಳಿ ಬಿಟ್ರ ಸದ್ದು ಬರೋದ ಅಲ್ಲೇನ್ರಿ?”

“ಕಸಾನೂ ಬೀಳತೈತಿ.”

“ಬಿದ್ರ ಬೀಳ್ತೈತಿ ಬಿಡ್ರಿ. ನಮ್ಮ ಸೊಸಿ ಹೊಡೀತಾಳ.”

ನನಗೆ ಆ ಕಡೆಯ ಮಾತು ಹಿಡಿಸಲಿಲ್ಲ. ಎರಡು ತಿಂಗಳಲ್ಲಿ ಕೆಲಸ ಶುರುವಾಗುತ್ತದೆ ಎಂದು ಹೇಳಿ, ಬಾಯಿ ಒರೆಸಿಕೊಂಡು ಓವರ್‌ಸಿಯರ್ ಹೋದರು. ಅವರು ಕಚೇರಿಯಲ್ಲಿ ಏನು ಹೇಳಿದರೋ ನನಗೆ ಗೊತ್ತಿಲ್ಲ. ಇಷ್ಟು ಪ್ರೀತಿಯಿಂದ ಗಿರಣಿ ಬೇಡಿದ ಓಣಿ ಇನ್ನೊಂದಿಲ್ಲ ಎಂದೇ ಹೇಳಿರಬೇಕು.

ನಮಗೆ ಕಾಯುವ ತಾಳ್ಮೆ ಇರಲಿಲ್ಲ. ಅತ್ತೆ ಕಟ್ಟೆಯ ಮೇಲೆ ಕೂತು ಅಪ್ಪಣೆ ಕೊಡುತ್ತಿದ್ದರೆ, ನಮ್ಮವರೂ ಚಾಚಾನೂ ಒಂದು ಭಾನುವಾರ ಆ ಜಾಗದಲ್ಲಿ ಸೊಂಟದಾಳ ತಗ್ಗು ತೋಡಿದರು. ತಿಪ್ಪೆಗೊಬ್ಬರ ತಂದು ಸುರಿದರು. ನಾವು ಸುತ್ತ ಸಾರಿಸಿ ರಂಗೋಲಿ ಹಾಕಿದೆವು. ಕೊನೆಗೊಂದು ಬೆಳಿಗ್ಗೆ ಬಂಡಿ ಬಂತು. ಅರಿಷಿಣ ಕುಂಕುಮದ ತಟ್ಟೆ, ತುಂಬಿದ ಕೊಡ ಹಿಡಿದು ಓಡಿದೆವು. ಬಂಡಿಯ ಮೇಲಿಂದ ನಾಲ್ಕು ಮಂದಿ ಹಗ್ಗ ಹಿಡಿದು ಇಳಿಸಿದ್ದು ಒಂದು ದೊಡ್ಡ ಕಬ್ಬಿಣದ ಗಾಲಿ. ಅದರ ಹಿಂದೆ ಎಂಜಿನ್ನು. ಅದರ ಹಿಂದೆ ಬಾಯಿ ಹೊಲಿದ ಗೋಣಿಚೀಲಗಳು. ಒಂದು ಚೀಲದ ಹರುಕಿನಿಂದ ಕೆಂಪಗೆ ಮೆಣಸಿನಕಾಯಿ ಇಣುಕುತ್ತಿತ್ತು.

ಬಂಡಿಯ ಜೊತೆ ಬಂದಿದ್ದ ಕುರುಗೋಡಿನ ಸಾವುಕಾರರು ನಮ್ಮ ತಗ್ಗನ್ನೂ ರಂಗೋಲಿಯನ್ನೂ ನೋಡಿ ಕಣ್ಣು ತುಂಬಿಕೊಂಡರು. ಗಿರಣಿ ಹಾಕಲು ಅರ್ಜಿ ಕೊಟ್ಟಿದ್ದವರು ಇವರೇ.

“ಪಾಯಾ ನೀವ ತೋಡಿಟ್ಟೀರಿ! ಇಂಥಾ ಮಂದಿ ಎಲ್ಲಿ ಸಿಗ್ತಾರವಾ?”

“ಏನ್ರೀ ಇದು?” ಎಂದೆ ನಾನು.

“ಖಾರದ ಗಿರಣಿ. ಡಂಗುರ ಹೊಡಸಿದ್ರಲ್ಲ?”

ಚೀಲ ಇಳಿಸಿದ ರಭಸಕ್ಕೆ ಎದ್ದ ಘಾಟು ಅಷ್ಟರಲ್ಲಿ ಅತ್ತೆಯನ್ನು ಮುಟ್ಟಿತ್ತು. ಅವರನ್ನು ಚಾಚಾನ ಮನೆಯ ಹಿತ್ತಲಿಗೆ ಎತ್ತಿಕೊಂಡೇ ಹೋದೆವು. ಅಂದು ಹತ್ತಿದ ದಮ್ಮು ಮರುದಿನದವರೆಗೂ ಇಳಿಯಲಿಲ್ಲ. ನಾನು ಎದೆಗೆ ಎಣ್ಣೆ ತಿಕ್ಕುತ್ತ ಕೂತಿದ್ದಾಗ ಉಸಿರಿಗೆ ತಡೆದು ತಡೆದು ಅವರು ಹೇಳಿದ್ದು ಇಷ್ಟೇ: “ನಾ ಕುರುಗೋಡಿಗೆ ಹೋಗ್ತೀನಿ... ಎರಡು ಸೀರಿ ಸಾಲಂಗಿಲ್ಲ... ಈ ಸರ್ತಿ ಎಲ್ಲಾ ಹಾಕು.” ತಮ್ಮನ ಮನೆಯಲ್ಲಿ ನಾಲ್ಕು ದಿನ ನೆಂಟರಾಗಿ ಇರುವುದೇ ಬೇರೆ, ಉಳಿದ ಆಯುಷ್ಯ ಕಳೆಯುವುದೇ ಬೇರೆ. ಅವರಿಗೂ ಅದು ಗೊತ್ತಿತ್ತು. ಅತ್ತೆ ಇಲ್ಲದ ಆ ಮನೆಯನ್ನು ಕಲ್ಪಿಸಿಕೊಳ್ಳುವುದು ನನ್ನಿಂದಾಗಲಿಲ್ಲ.

ನಮ್ಮವರು ಕಚೇರಿಗೆ ಹೋಗಿ ಜೋಲು ಮೋರೆ ಹಾಕಿಕೊಂಡು ಬಂದರು. ಡಂಗುರ ಹೊಡೆಸಿದ್ದಾಗಿದೆ, ಕಚೇರಿಯ ಪಡಸಾಲೆಯ ಬೋರ್ಡಿಗೆ ಇಂಗ್ಲಿಷಿನ ನೋಟೀಸು ಅಂಟಿಸಿದ್ದಾಗಿದೆ, ಗಡುವು ಮುಗಿದಿದೆ, ಒಂದು ತಕರಾರೂ ಬಂದಿಲ್ಲ. ಮುನಿಸಿಪಾಲಿಟಿ ಅಧ್ಯಕ್ಷರ ರುಜು ಒಂದು ಬಾಕಿ. “ನಿಮ್ಮ ಓಣಿಯವರು ಮಿರ್ಚಿ ತಿನ್ನಿಸಿ ಒಪ್ಪಿಗೆ ಕೊಟ್ಟಿದ್ದೀರಿ” ಎಂದು ಅಲ್ಲಿನ ಗುಮಾಸ್ತ ನಕ್ಕನಂತೆ.

ನನಗೆ ರೇಗಿತು. ಬೋರ್ಡಿನ ಮೇಲಿನ ಇಂಗ್ಲಿಷು ಓದಲು ಬ್ರೂಸ್‌ಪೇಟೆಯ ಹೆಂಗಸರು ದಿನಾ ಹೂವು ಮುಡಿದು ಕಚೇರಿಗೆ ಹೋಗುತ್ತಾರೇನು? ಭಾನುವಾರ ಬೆಳಿಗ್ಗೆ ಅತ್ತೆಯ ಬಳಿ ಒಬ್ಬರನ್ನು ಕೂರಿಸಿ, ಓಣಿಯ ಹೆಂಗಸರನ್ನೂ ಚಾಚಾನನ್ನೂ ಕಟ್ಟಿಕೊಂಡು ಅಧ್ಯಕ್ಷರ ಮನೆಗೇ ನಡೆದೆ. ನಮ್ಮವರು ನಾಲ್ಕು ಹೆಜ್ಜೆ ಹಿಂದೆ, ನಮಗೂ ಅವರಿಗೂ ಸಂಬಂಧವೇ ಇಲ್ಲವೇನೋ ಎಂಬಂತೆ ಬಂದರು.

ಅಧ್ಯಕ್ಷರು ಪಡಸಾಲೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಎಲ್ಲವನ್ನೂ ಕೇಳಿಕೊಂಡು, “ಸಾರಿ ಹೇಳಿದ ಮ್ಯಾಲೆ ಕೇಳಿಸ್ಕೊಳ್ಳಲಿಲ್ಲ ಅಂದ್ರ ನಾವೇನ್ ಮಾಡೂನು ತಂಗೀ?” ಎಂದರು.

“ಕೇಳಿಸ್ಕೊಂಡೀವ್ರಿ. ಕೇಳಿಸ್ಕೊಂಡಿದ್ದಕ್ಕ ಫಜೀತಿ ಆಗೇತಿ. ಡಂಗುರದವನನ್ನ ಕರಸ್ರಿ. ಅವತ್ತು ಹೆಂಗ ಕೂಗಿದ್ನೋ ಹಂಗ ನಿಮ್ಮ ಬಾಗಲ ಮುಂದ ಕೂಗ್ಲಿ.”

ಅವರಿಗೂ ಭಾನುವಾರ ಹೊತ್ತು ಹೋಗಬೇಕಿತ್ತೇನೋ, ಹೇಳಿ ಕಳಿಸಿದರು. ಡಂಗುರದವನು ಬಂದ. ಪಾಪ, ತಾನು ಏನು ತಪ್ಪು ಮಾಡಿದೆನೋ ಎಂದು ಹೆದರಿ, ಇದ್ದ ಶಕ್ತಿಯೆಲ್ಲ ಸೇರಿಸಿ ಹಲಗೆ ಬಡಿದು ಕೂಗಿದ. “ಈ ಓಣ್ಯಾಗ ಖಾಲಿ ಜಾಗದಾಗ ಮರ ಹಾಕ್ತಾರಂಟ!”

ಅವನು ಬಾಯಿ ಮುಚ್ಚುವ ಮೊದಲೇ ಒಳಮನೆಯಿಂದ ಅಧ್ಯಕ್ಷರ ತಾಯಿಯ ದನಿ ಬಂತು. “ಚೊಲೋ ಆತು ನೋಡಪಾ! ಹುಣಸಿ ಗಿಡ ಬ್ಯಾಡ, ಬೇವಿಂದ ಹಚ್ಚಸು!”

ಅಧ್ಯಕ್ಷರು ಕಾಫಿ ಲೋಟ ಕೆಳಗಿಟ್ಟು ನಕ್ಕ ನಗೆಗೆ ಡಂಗುರದವನೂ ಅಳುಕುತ್ತ ಅಳುಕುತ್ತ ನಕ್ಕ. ಚಾಚಾ ಅದೇ ಸಂದರ್ಭ ಹಿಡಿದು, ತಮಗೆ ಆ ದಿನ ಹೆಣ ಬಿದ್ದ ಸುದ್ದಿ ಕೇಳಿಸಿದ್ದನ್ನೂ ಹೇಳಿದರು. ಮೊರ ಕೇಳಿಕೊಂಡು ತಿರುಗಿದ ಮುದುಕಿಯ ಕಥೆಯನ್ನು ನಾನು ಸೇರಿಸಿದೆ.

“ಹಂಗಾರ ಹೆಂಗ ಹೇಳಬೇಕು? ನೀನ ಹೇಳು” ಎಂದರು ಅಧ್ಯಕ್ಷರು.

ನಾನು ಹೆದರಲಿಲ್ಲ. “ನಮ್ಮ ಸಿರುಗುಪ್ಪದಾಗ ಮದವಿ ಊಟಕ್ಕ ಕರೀಬೇಕಂದ್ರ ಹೊಸ್ತಿಲಿಗೆ ಬರ್ತಾರ್ರಿ. ಯಾರ ಮದವಿ, ಎಲ್ಲಿ, ಯಾವಾಗ, ಎಲ್ಲಾ ಹೇಳ್ತಾರ. ಓಣಿ ಕೊನಿಗೆ ನಿಂತು ಕೂಗಿ ಹೋದ್ರ ಒಬ್ರೂ ಊಟಕ್ಕ ಬರಂಗಿಲ್ಲ. ಊಟಕ್ಕ ಅಷ್ಟು ಮಾಡ್ತೀವಿ, ಉಸಿರಿಗೆ ಅಷ್ಟು ಮಾಡಬಾರ್ದೇನ್ರಿ? ಮನಿ ಮನಿಗೆ ಬರ್ಲಿ. ಕನ್ನಡದಾಗ ಗಿರಣಿ ಅನ್ಲಿ, ತೆಲುಗಿನಾಗ ಮರ ಅನ್ಲಿ, ಚಾಚಾನ ಮನಿ ಮುಂದ ಚಕ್ಕಿ ಅನ್ಲಿ. ಏನು ಬೀಸ್ತಾರೋ ಅದನ್ನ ಕೈಯಾಗ ಹಿಡಕೊಂಡು ತೋರಿಸ್ಲಿ. ತಕರಾರು ಐತೋ ಇಲ್ಲೋ, ಅಲ್ಲೇ ಕೇಳ್ಕೊಂಡು ಹೋಗ್ಲಿ.”

ನಮ್ಮವರು ಹಿಂದಿನಿಂದ ಕೆಮ್ಮಿದರು. ಸಾಕು ಎಂಬ ಅರ್ಥದ ಕೆಮ್ಮು. ಆದರೆ ಅಧ್ಯಕ್ಷರು ಒಪ್ಪಿಕೊಂಡರು. ಕುರುಗೋಡಿನ ಸಾವುಕಾರರೂ ಹಟ ಮಾಡಲಿಲ್ಲ. ಒಪ್ಪಿಗೆ ಇಲ್ಲದ ಕಡೆ ಎಂಜಿನ್ನು ಹೂಡಿ ದಿನಾ ಬೈಸಿಕೊಳ್ಳಲು ತಮಗೇನೂ ಹುಚ್ಚು ಹಿಡಿದಿಲ್ಲವೆಂದು ಹೇಳಿ, ತೋರಿಸಲಿಕ್ಕೆಂದು ಒಂದು ಹಿಡಿ ಮೆಣಸಿನಕಾಯಿಯನ್ನೂ ಕೊಟ್ಟು ಕಳಿಸಿದರು.

ಡಂಗುರದವನು ಓಣಿಗೆ ಮತ್ತೆ ಬರುವ ಸುದ್ದಿ ತಿಳಿದಾಗ ಅತ್ತೆ ಬೆಳಿಗ್ಗೆಯೇ ಎದ್ದು ತಲೆ ಬಾಚಿ, ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆ ಉಟ್ಟು ಬಾಗಿಲಲ್ಲಿ ಕೂತರು. ಉಸಿರಿನ ಸೀಟಿ ಇನ್ನೂ ಪೂರ್ತಿ ನಿಂತಿರಲಿಲ್ಲ. ಅವನು ಮನೆಯಿಂದ ಮನೆಗೆ ಬರುತ್ತ, ಗಿರಣಿ, ಮರ, ಚಕ್ಕಿ ಎಂದು ಪಾಠ ಒಪ್ಪಿಸುತ್ತ, ನಮ್ಮ ಹೊಸ್ತಿಲಿಗೆ ಬಂದ. ಕೈಯಲ್ಲಿದ್ದ ಮೆಣಸಿನಕಾಯಿ ಕಂಡು ಅತ್ತೆ ಸೆರಗು ಮೂಗಿಗೆ ಒತ್ತಿಕೊಂಡರು. ಅವನು ಥಟ್ಟನೆ ಅದನ್ನು ಬೆನ್ನ ಹಿಂದೆ ಬಚ್ಚಿಟ್ಟ.

“ಮನಿ ಯಜಮಾನ್ರು ಅದಾರೇನಮ್ಮಾ?” ಎಂದು ನನ್ನನ್ನು ಕೇಳಿದ.

“ಅಂಗಡಿಗೆ ಹೋಗ್ಯಾರ.”

“ಹಂಗಾದ್ರ ಸಂಜಿಗೆ ಬಂದು ಕೇಳ್ತೀನಿ.”

“ದಮ್ಮು ಹತ್ತೋದು ಯಜಮಾನ್ರಿಗಲ್ಲಪ್ಪ. ಯಾರಿಗೆ ಹತ್ತತೈತೋ ಅವರನ್ನ ಕೇಳು” ಎಂದೆ. ನನ್ನ ದನಿ ಸ್ವಲ್ಪ ಜೋರಾಗಿಯೇ ಇತ್ತು.

ಅವನು ಅತ್ತೆಯ ಕಡೆ ತಿರುಗಿದ. ಹಲಗೆಯನ್ನು ಹೆಗಲಿನಿಂದ ಇಳಿಸಿ ಪಕ್ಕಕ್ಕಿಟ್ಟ. “ಪಕ್ಕದ ಜಾಗದಾಗ ಖಾರದ ಗಿರಣಿ ಹಾಕ್ತಾರಂಟಮ್ಮಾ. ನೀವೇನಂತೀರಿ?”

ಮಾತಿಗೆ ಎಂದೂ ತಡವರಿಸದ ಅತ್ತೆ ಸುಮ್ಮನೆ ಅವನ ಮುಖ ನೋಡುತ್ತ ಕೂತುಬಿಟ್ಟರು. ಉಸಿರು ಕಟ್ಟಿತೇನೋ ಎಂದು ನಾನು ನೀರಿನ ತಂಬಿಗೆ ಹಿಡಿದು ಬಗ್ಗಿದೆ. ನನ್ನ ಕೈಯನ್ನು ಸರಿಸಿ, “ಇನ್ನೊಮ್ಮಿ ಕೇಳಪಾ” ಎಂದರು ಅವನಿಗೆ.

ಕಿವಿ ಕೇಳುವುದಿಲ್ಲವೆಂದು ಭಾವಿಸಿ ಅವನು ಇಡೀ ಓಣಿಗೆ ಕೇಳುವ ಹಾಗೆ ಕೂಗಿದ.

“ಕಿವಿ ಚೊಲೋ ಅದಾವು. ಮೆಲ್ಲಕ ಕೇಳು.”

ಅವನು ಮೆಲ್ಲಗೆ ಕೇಳಿದ. “ನೀವೇನಂತೀರಮ್ಮಾ?”

“ಒಲ್ಲೆ” ಎಂದರು ಅತ್ತೆ. ಆ ಮಾತಿನಲ್ಲಿ ಸೀಟಿಯ ಸದ್ದಿರಲಿಲ್ಲ.

ಓಣಿಯವರೆಲ್ಲ ಅದನ್ನೇ ಹೇಳಿದರು. ಗಿರಣಿ ರೂಪನಗುಡಿಯ ದಾರಿಯಲ್ಲಿ, ಮನೆಗಳಿಲ್ಲದ ಕಡೆ ನಿಂತಿತು. ವರ್ಷದ ಖಾರವನ್ನು ಆಮೇಲೆ ನಾವೂ ಅಲ್ಲಿಗೇ ಕಳಿಸತೊಡಗಿದೆವು. ಮುನಿಸಿಪಾಲಿಟಿಯವರು ಅಂದಿನಿಂದ ಎಷ್ಟು ಓಣಿಗಳಲ್ಲಿ ಮನೆಮನೆಗೆ ಹೋಗಿ ಕೇಳಿದರೋ ನಾನರಿಯೆ, ನಮ್ಮ ಓಣಿಯಲ್ಲಂತೂ ಕೇಳಿದರು.

ಅಂದು ಡಂಗುರದವನು ಮುಂದಿನ ಮನೆಗೆ ಹೋದ ಮೇಲೆ ಅತ್ತೆ ಅಲ್ಲೇ ಕೂತಿದ್ದರು. ನಾನು ಒಳಗೆ ಕರೆದರೆ, “ತಡಿಯವಾ” ಎಂದರು. ಆಮೇಲೆ ಓಣಿಯ ಕಡೆ ನೋಡುತ್ತಲೇ ಹೇಳಿದರು: “ಗೊಂಬಿ ಆಡೋ ವಯಸ್ಸಿನಾಗ ಮದವಿ ಮಾಡಿದ್ರು, ನನ್ನ ಯಾರೂ ಕೇಳಲಿಲ್ಲ. ಊರು ಬಿಟ್ಟು ಈ ಬಿಸಲಾಗ ಮನಿ ಮಾಡಿದ್ರು, ಅವಾಗೂ ಕೇಳಲಿಲ್ಲ. ನಾ ಏನಂತೀನಿ ಅಂತ ಇವತ್ತ ಮೊದಲನೇ ಸರ್ತಿ ಒಬ್ಬಾತ ಕೇಳಿದ ನೋಡು. ಅದಕ್ಕ ಮತ್ತ ಮತ್ತ ಕೇಳಿಸ್ಕೊಂಡೆ.”

ನನಗೆ ಅಳು ತಡೆಯಲಾಗಲಿಲ್ಲ. ಸೆರಗು ಕಣ್ಣಿಗೆ ಹಿಡಿದದ್ದನ್ನು ಕಂಡು ಅವರು, “ನಿನಗೇನಾತು? ದಮ್ಮು ಇರೋದು ನನಗ” ಎಂದು ಗದರಿ, ಒಗ್ಗರಣೆ ಹಾಕಿಕೋ ಹೋಗು ಎಂದು ಎದ್ದು ಚಾಚಾನ ಕಟ್ಟೆಗೆ ನಡೆದರು.